ಇಪ್ಪತ್ತು ನಿಮಿಷಕ್ಕೆ ಆರಿಹೋಗುವ ಲ್ಯಾಪ್‌ಟಾಪ್

ಹೊಸಕೆರೆಹಳ್ಳಿ, ಬೆಂಗಳೂರು
೨೧ ಸೆಪ್ಟೆಂಬರ್ ೨೦೨೫

ಪ್ರೀತಿಯ ತಮ್ಮ ನರೇಂದ್ರನಿಗೆ,

ನಿನ್ನ ಅಕ್ಕ ಕಲ್ಯಾಣಿಯ ಜೈಭೀಮ್. ನೀನು, ಸುನಿತಾ, ಮಗು ಎಲ್ಲರೂ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಅವ್ವ ಹೋಗಿ ಎರಡೂವರೆ ತಿಂಗಳಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ನನ್ನ ತಪ್ಪು. ಫೋನು ಮಾಡಿದರೆ ನೀನು ತೆಗೆಯುವುದಿಲ್ಲ, ಅದಕ್ಕೇ ಈ ಕಾಗದ. ಅರುಣಾಚಲಕ್ಕೆ ಹತ್ತು ದಿನವಾದರೂ ಬೇಕು ಎಂದರು ಅಂಚೆ ಕಚೇರಿಯಲ್ಲಿ.

ಇಲ್ಲಿ ಎಲ್ಲ ಹಾಗೇ ಇದೆ. ಜಯನಗರದ ಪ್ರೆಸ್ಸಿನವರು ಮದುವೆ ಕಾರ್ಡುಗಳ ಕೆಲಸ ಕೊಡುತ್ತಿದ್ದಾರೆ, ಮನೆಯಲ್ಲೇ ಕೂತು ಟೈಪ್ ಮಾಡುತ್ತೇನೆ. ಮಹಡಿ ಮೇಲಿನ ಬೈರಣ್ಣ ನಿನ್ನನ್ನು ಕೇಳುತ್ತಿರುತ್ತಾರೆ. ಚೆನ್ನಾಗಿದ್ದಾನೆ ಎನ್ನುತ್ತೇನೆ. ನನಗೆ ಗೊತ್ತಿರುವುದೂ ಅಷ್ಟೇ.

ಈಗ ಲ್ಯಾಪ್‌ಟಾಪಿನ ವಿಷಯ. ನಿನ್ನ ಮುಖ ದೊಡ್ಡದಾಗಿ ಕಾಣಲಿ ಎಂದು ಅವ್ವನಿಗೆ ನೀನೇ ಕೊಡಿಸಿದ್ದಲ್ಲ, ಅದೇ. ಗುಡ್ಡ ಕುಸಿದು ನಿಮ್ಮ ರಸ್ತೆ ಮುಚ್ಚಿದ್ದ ಆ ದಿನ, ಮೊಬೈಲಿಗೆ ಸಿಗ್ನಲ್ಲೂ ಇಲ್ಲದೆ ನೀನು ಆಫೀಸಿನ ಕಂಪ್ಯೂಟರ್ ಮುಂದೆ ಕೂತಿದ್ದೆ. ನಾನು ಇದನ್ನು ಅವ್ವನ ತೊಡೆಯ ಮೇಲಿಟ್ಟೆ. ನೀವಿಬ್ಬರೂ ಮಾತಾಡುತ್ತಿರುವಾಗಲೇ ಪರದೆ ಕಪ್ಪಾಯಿತು. ಸಂಜೆ ನಾಲ್ಕಕ್ಕೆ ಅವ್ವ ಹೋದಳು. ಮೂರನೆಯ ದಿನ ಬಂದ ನೀನು, ಅವ್ವನ ಪುಣ್ಯಾನುಮೋದನೆಯ ಪ್ರಾರ್ಥನೆಗೆ ಕೂತಿದ್ದ ಅಷ್ಟು ಜನರ ಮುಂದೆ ನನ್ನನ್ನೇ ನೋಡುತ್ತಾ ಹೇಳಿದೆ:

“ನೀನೇ ಮುಚ್ಚಿದ್ದು ಅಕ್ಕ. ನಂಗೊತ್ತು.”

ನಿನಗೆ ಗೊತ್ತಿದ್ದಷ್ಟು ನನಗೇ ಗೊತ್ತಿರಲಿಲ್ಲ. ಪರದೆ ಕಪ್ಪಾದಾಗ ನನ್ನ ಕೈ ಎಲ್ಲಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಅವ್ವನ ಬೆನ್ನ ಹಿಂದೆ ಇತ್ತೇ, ಆಫ್ ಮಾಡುವ ಗುಂಡಿಯ ಮೇಲೆ ಇತ್ತೇ?

ಆಗಸ್ಟಿನಲ್ಲಿ ಕೆಲಸ ಮಾಡುತ್ತಿರುವಾಗ ಅದು ಮತ್ತೆ ಹಾಗೆಯೇ ಆರಿತು. ಮಾರನೆಯ ದಿನವೂ ಅಷ್ಟೇ. ಗಡಿಯಾರ ನೋಡಿಕೊಂಡೆ: ಸರಿಯಾಗಿ ಇಪ್ಪತ್ತು ನಿಮಿಷ. ತಳ ಮುಟ್ಟಿದರೆ ಆಗತಾನೇ ಇಳಿಸಿದ ಹೆಂಚಿನ ಹಾಗೆ. ಕೆಟ್ಟ ವಸ್ತುವನ್ನು ಕಂಡು ಯಾರೂ ಅಷ್ಟು ಸಂತೋಷ ಪಟ್ಟಿರಲಾರರು ಕಣೋ. ತಿಲಕ್ ನಗರದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಪ್ರಸನ್ನ ಎನ್ನುವವರ ಹತ್ತಿರ ಅವತ್ತೇ ತೆಗೆದುಕೊಂಡು ಹೋದೆ.

ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿಸಿ ನೋಡಿದರು. ಒಮ್ಮೆಯೂ ಆರಲಿಲ್ಲ. ಏನೂ ಆಗಿಲ್ಲ ಮೇಡಂ ಎಂದು ಕೈಗಿಟ್ಟರು. ಮನೆಗೆ ತಂದರೆ ಇಪ್ಪತ್ತೇ ನಿಮಿಷ. ಮತ್ತೆ ಒಯ್ದೆ. ಬಿಚ್ಚಿ, ಒಳಗಿನ ಪುಟ್ಟ ಫ್ಯಾನಿನ ಧೂಳು ತೆಗೆದು, ಬಿಸಿ ಎಳೆಯುವುದಕ್ಕೆ ಹಚ್ಚುವ ಪೇಸ್ಟು ಒಣಗಿದೆ ಎಂದು ಹೊಸದು ಹಚ್ಚಿದರು. ಮನೆಯಲ್ಲಿ ಅರ್ಧ ಗಂಟೆ ಬಂತು, ಮತ್ತೆ ಆರಿತು. ಬೈರಣ್ಣ ವೋಲ್ಟೇಜ್ ಸರಿಯಿಲ್ಲ ಎಂದರು. ನನಗಂತೂ ತಲೆ ಕೆಟ್ಟುಹೋಯಿತು. ಅಂಗಡಿಯಲ್ಲಿ ಸರಿಯಿರುವುದು ನನ್ನ ಕೈಯಲ್ಲೇ ಯಾಕೆ ಕೆಡಬೇಕು? ಕೆಟ್ಟಿರುವುದು ನಾನೇ ಏನೋ ಅನ್ನಿಸಿಬಿಟ್ಟಿತ್ತು.

ಕಳೆದ ಭಾನುವಾರ ಪ್ರಸನ್ನ ತಾವೇ ಮನೆಗೆ ಬಂದರು. ಎಲ್ಲಿಟ್ಟುಕೊಂಡು ಕೆಲಸ ಮಾಡ್ತೀರ, ತೋರಿಸಿ ಎಂದರು. ಅವ್ವನ ಮಂಚ ತೋರಿಸಿದೆ. ಅವಳು ಹೋದ ಮೇಲೆ ನಾನು ಅಲ್ಲೇ, ಅವಳ ಕೌದಿಯ ಮೇಲೆ ಅದನ್ನಿಟ್ಟುಕೊಂಡು ಕೂರುತ್ತೇನೆ. ಅವರು ಲ್ಯಾಪ್‌ಟಾಪ್ ಎತ್ತಿ, ತಳದ ಸಣ್ಣ ಸಣ್ಣ ಕಿಂಡಿಗಳ ಮೇಲೆ ಬೆರಳಾಡಿಸಿದರು.

“ಉಸಿರಾಡೋದು ಇಲ್ಲಿಂದ ಮೇಡಂ. ಕೌದಿ ಮೇಲಿಟ್ರೆ ಮೂಗು ಮುಚ್ದಂಗೆ. ಬಿಸಿ ಹೆಚ್ಚಾದ್ರೆ ತಾನಾಗೇ ಆಫ್ ಆಗತ್ತೆ, ಇಲ್ಲಾಂದ್ರೆ ಸುಟ್ಟೋಗತ್ತೆ.”

ಅವತ್ತೂ ಅವ್ವನ ತೊಡೆಯ ಮೇಲೆ ಕೌದಿ ಇತ್ತು, ನರೇಂದ್ರ. ಚಳಿ ಎನ್ನುತ್ತಿದ್ದಳು, ಎರಡು ಸುತ್ತು ಹೊದಿಸಿದ್ದೆ.

ಅದು ಯಾವಾಗ ಆರಿತು ಎಂದು ಇದರೊಳಗೆ ಎಲ್ಲಾದರೂ ಬರೆದಿರುತ್ತದೆಯೇ ಎಂದು ಕೇಳಿದೆ. ಇರುತ್ತದೆ ಎಂದು ಹುಡುಕಿ ತೆಗೆದರು. ಜುಲೈ ಎಂಟು, ಬೆಳಿಗ್ಗೆ ೧೧.೪೨, ಅನಿರೀಕ್ಷಿತವಾಗಿ ಸ್ಥಗಿತ. ಯಾರಾದರೂ ಕೈಯಿಂದ ಮುಚ್ಚಿದ್ದರೆ ಹೀಗೆ ಬರುತ್ತಿರಲಿಲ್ಲವಂತೆ. ಆ ಪುಟವನ್ನು ಪ್ರೆಸ್ಸಿನಲ್ಲಿ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಈಗ ಮರದ ಮಣೆಯ ಮೇಲಿಟ್ಟರೆ ದಿನವಿಡೀ ಓಡುತ್ತದೆ.

ನಿನಗೆ ಸಮಾಧಾನವಾಗುತ್ತದೆಯೋ, ಇನ್ನೂ ಸಿಟ್ಟು ಬರುತ್ತದೆಯೋ ತಿಳಿಯದು. ಸುನಿತಾಳ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡ ಎಂದು ಹೇಳು. ಮಗುವಿಗೆ ಕನ್ನಡ ಮರೆಸಬೇಡಿ. ಭಗವಾನ್ ಬುದ್ಧರ ಕರುಣೆ ನಿಮ್ಮ ಮೇಲಿರಲಿ. ಆ ಕುಸಿಯುವ ಗುಡ್ಡಗಳ ನಡುವೆ ನೀವು ಮೂವರೂ ಸುಖವಾಗಿರಿ.

ನಿನ್ನ ಅಕ್ಕ,
ಕಲ್ಯಾಣಿ

ಮರೆತ ಮಾತು: ಮರೆತದ್ದಲ್ಲ. ಪ್ರಿಂಟಿನಲ್ಲಿ ಆ ಸಾಲಿನ ಕೆಳಗೆ ಇನ್ನೊಂದು ಸಾಲಿದೆ: ೧೨.೦೪, ಚಾಲನೆ. ಅದನ್ನು ಕತ್ತರಿಸಿ ಕಳಿಸೋಣ ಎಂದು ಕತ್ತರಿ ಹಿಡಿದು ಕೂತಿದ್ದೆ. ಆಗಲಿಲ್ಲ.

ಪರದೆ ಕಪ್ಪಾದಾಗ ಅವ್ವ ನನ್ನ ಕಡೆ ತಿರುಗಿ “ಉಂಡ್ಯೇನೇ ಕಲ್ಯಾಣಿ?” ಎಂದಳು. ಹಾಸಿಗೆ ಹಿಡಿದ ನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದೆಲ್ಲ ನಿನ್ನ ಫೋನು ಬಂತೇ ಎಂದು. ಅವತ್ತು ನನ್ನ ಜಡೆ ಹಿಡಿದುಕೊಂಡು, ಚಿಕ್ಕವಳಿದ್ದಾಗ ಕೆರೆಯಲ್ಲಿ ಬಟ್ಟೆ ಒಗೆಯಲು ಹೋಗಿ ನಾನು ಜಾರಿ ಬಿದ್ದದ್ದನ್ನು ಹೇಳಿ ನಕ್ಕಳು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಬಿಸಿ ಇಳಿದಿತ್ತು, ಹಚ್ಚಿದೆ. ಹಚ್ಚಿದ ಕೂಡಲೇ ನಿನ್ನ ಕರೆ ಬರತೊಡಗಿತು. ಮೊದಲ ಸಲ ಅದು ತಾನಾಗಿಯೇ ಆರಿತು. ಎರಡನೆಯ ಸಲ ಮುಚ್ಚಿದವಳು ನಾನು.

ಎರಡು ಗಂಟೆಯ ಹೊತ್ತಿಗೆ ಅವ್ವ ಒಮ್ಮೆ ನಿನ್ನನ್ನು ಕೇಳಿದಳು. ಕರೆಂಟಿಲ್ಲ ಅವ್ವ ಎಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.