ಮೊದಲ ನಿಮ್ಮ ಬಾಯಿ ತೋರಸ್ರಿ

ಹುಬ್ಬಳ್ಳಿ, ೧೪-೨-೧೯೪೫

ಅಕ್ಕನಿಗೆ ರುಕ್ಕುವಿನ ನಮಸ್ಕಾರ. ಇಲ್ಲಿಗೆ ಬಂದು ಸೇರಿದೆ. ಊಟ ಖಾರ, ಮಾತು ಕನ್ನಡವೇ ಆದರೂ ನನಗೆ ಅರ್ಧ ತಿಳಿಯದು. ಬಾಯಿಯ ಕ್ಯಾನ್ಸರು ಎಷ್ಟು ಜನಕ್ಕಿದೆ ಎಂದು ಗೊತ್ತಾದರೆ ಸರ್ಕಾರ ಈ ಕಡೆಗೂ ಒಂದು ಆಸ್ಪತ್ರೆಯ ಯೋಜನೆ ಹಾಕುತ್ತದಂತೆ. ಅದಕ್ಕೇ ಇಲ್ಲಿಯ ಡಾಕ್ಟರು, ನರ್ಸುಗಳಾದ ನಮ್ಮನ್ನು ಹಳ್ಳಿಗಳಿಗೆ ಅಟ್ಟುತ್ತಿದ್ದಾರೆ. ಈಗ ಅಂಥ ಆಸ್ಪತ್ರೆ ಇರುವುದು ಮುಂಬಯಿಯಲ್ಲಿ. ಅಷ್ಟು ದೂರ ಯಾರೂ ಹೋಗುವುದಿಲ್ಲ. ನೋವು ತಡೆಯಲೆಂದು ಹುಣ್ಣಿಗೆ ಹೊಗೆಸೊಪ್ಪನ್ನೇ ಒತ್ತಿಕೊಂಡು ಕೂರುತ್ತಾರೆ.

ನಿನ್ನೆ ಶಿರಗುಪ್ಪಿಯಲ್ಲಿ ರೋಗದ ಮೊದಲ ಗುರುತಾದ ಬಿಳಿ ಕಲೆಯ ಚಿತ್ರ ತೋರಿಸಿ ಎಷ್ಟು ಕೇಳಿದರೂ ಒಬ್ಬ ಹೆಂಗಸೂ ಬಾಯಿ ತೆರೆಯಲಿಲ್ಲ. ಗುಲ್ಜಾರಬಿ ಎಂಬ ಮುದುಕಿ, "ಮೊದಲ ನಿಮ್ಮ ಬಾಯಿ ತೋರಸ್ರಿ ಅಕ್ಕಾರ, ಆಮ್ಯಾಲೆ ನಾವು ತೋರಸ್ತೇವಿ" ಎಂದಳು. ಬಿಸಿಲಿಗೆ ಬಾಯಿ ತೆರೆದು ನಿಂತೆ. ಓಣಿಯ ಹೆಂಗಸರೆಲ್ಲ ಸಾಲಾಗಿ ಬಂದು ಇಣುಕಿ ನಕ್ಕರು.

ಇಲ್ಲಿಯವರೆಗೆ ಅಮ್ಮನಿಗೆ ಓದಿ ಹೇಳು. ಮುಂದಿನದು ನಿನಗೆ ಮಾತ್ರ.

ಕೊನೆಗೆ ಇಣುಕಿದ ಗುಲ್ಜಾರಬಿ ನಗಲಿಲ್ಲ. "ಚಿತ್ರದಾಗಿನ ಬಿಳಿ ಕಲಿ ನಿಮ್ಮ ಗಲ್ಲದ ಒಳಗೂ ಐತ್ರಿ" ಎಂದಳು. ನಾನು ಎಲೆಯಡಿಕೆಯ ಜೊತೆ ಹೊಗೆಸೊಪ್ಪಿನ ಕಡ್ಡಿಪುಡಿ ಒತ್ತಿಕೊಳ್ಳುವ ಕಡೆಗೇ ಇದೆ. ನೋವೇನೂ ಇಲ್ಲ. ಡಾಕ್ಟರು ನೋಡಿ, ತಡಮಾಡದೆ ಮುಂಬಯಿಗೆ ಹೋಗಬೇಕು ಎಂದರು. ಹೋಗುವುದು ಹೇಗೋ ತಿಳಿಯದು.

ಟಪಾಲಿನ ಹೊತ್ತಾಯಿತು. ನೀನೂ ಕನ್ನಡಿ ಹಿಡಿದು ಬೆಳಕಿನಲ್ಲಿ ನೋಡಿಕೋ. ಇನ್ನು ನನಗೆ ಕಡ್ಡಿಪುಡಿ ಕಳಿಸಬೇಡ. ಅಮ್ಮ ಕಟ್ಟಿಕೊಡಲು ಬಂದರೆ, ಅಲ್ಲೇ ಒಳ್ಳೆಯದು ಸಿಗುತ್ತದಂತೆ ಎನ್ನು.

ರುಕ್ಕು