ತಮ್ಮನ ಕಾಲಿಗೆ ಅಕ್ಕನ ಬಾಯಿ

ಮಾನ್ಯ ಕಾರಾಗೃಹದ ಮುಖ್ಯಾಧಿಕಾರಿಗಳೇ,

ನಿಮ್ಮ ವಶದಲ್ಲಿರುವ ನನ್ನ ಭಾವಮೈದುನನ ಬಲಗಾಲಿನ ಎರಡು ಬೆರಳು ಹೋದವು, ಮೂರನೆಯದು ಕಪ್ಪಾಗುತ್ತಿದೆ. ನೀವು ಮಾತ್ರ ಅವನು ಆರೋಗ್ಯವಾಗಿದ್ದಾನೆ ಎನ್ನುತ್ತಿದ್ದೀರಿ. ನಿಮ್ಮ ಇಲಾಖೆಯಲ್ಲಿ ಎಷ್ಟು ಬೆರಳು ಉಳಿದಿದ್ದರೆ ಆರೋಗ್ಯ ಎಂಬುದನ್ನು ದಯವಿಟ್ಟು ತಿಳಿಸಿ.

ಅವನು ಗುಡ್ಡದ ಕಾಡಿನ ಮೂಲನಿವಾಸಿ. ತಾತನ ಕಾಲದಿಂದ ಜೇನು ಇಳಿಸುತ್ತಿದ್ದ ಮರಕ್ಕೆ ಈಚೆಗೆ ಯಾರೋ ಬೇಲಿ ಹಾಕಿದರು. ಅವನು ಬೇಲಿಯನ್ನು ಗಮನಿಸಲಿಲ್ಲ, ಬೇಲಿ ಅವನನ್ನು ಗಮನಿಸಿತು. ಅದರ ವಿಚಾರಣೆ ಧಾರಾಳವಾಗಿ ನಡೆಯಲಿ. ನನ್ನ ತಕರಾರು ಕಾಲಿನದು.

ಅವರ ಜನರಲ್ಲಿ ಕಾಯಿಲೆಯವರು ತಮ್ಮ ಕಾಯಿಲೆಯನ್ನು ತಾವೇ ಹೇಳುವುದಿಲ್ಲ. ಬಾಯಿಬಿಟ್ಟು ಹೇಳಿದರೆ ಅದಕ್ಕೆ ಮಣೆ ಹಾಕಿ ಕೂರಿಸಿದಂತೆ. ಮನೆಯ ಹಿರಿಯರು ಪರವಾಗಿ ಹೇಳಬೇಕು. ಮದುವೆಯ ಹೊಸದರಲ್ಲಿ ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಮೈಯೆಲ್ಲ ಕಾದ ಹೆಂಚಾಗಿದ್ದರೂ "ಏನಿಲ್ಲ" ಎನ್ನುತ್ತ ಬಟ್ಟೆ ಒಗೆಯುತ್ತಿದ್ದಳು. ಅತ್ತೆ ಬಂದು ಹೊಸಿಲಲ್ಲೇ ನಿಂತು, "ಏನಪ್ಪಾ ಅಳಿಯ, ಅವಳ ಹಣೆ ಮುಟ್ಟಿ ನೋಡಕ್ಕೆ ನಿನ್ನ ಕೈಗೇನಾಗಿದೆ?" ಎಂದಾಗಲೇ ನನಗೆ ಜ್ಞಾನೋದಯ. ನಾನೋ, ಹಲ್ಲು ಜುಮ್ಮೆಂದರೂ ಬೀದಿಗೆ ಡಂಗುರ ಸಾರುವ ವಂಶದವನು.

ನಿಮ್ಮ ವೈದ್ಯರು ಮೇಜಿನಾಚೆಯಿಂದಲೇ "ಏನಯ್ಯಾ ತೊಂದರೆ?" ಎಂದರಂತೆ. ಇವನು "ಏನಿಲ್ಲ ಸಾರ್" ಎಂದನಂತೆ. ಇಬ್ಬರೂ ಅವರವರ ಪದ್ಧತಿ ಪಾಲಿಸಿದರು. ಬೆರಳು ಯಾರ ಪದ್ಧತಿಯನ್ನೂ ಕೇಳದೆ ಕೊಳೆಯತೊಡಗಿತು.

ಭೇಟಿಯ ದಿನ ಜಾಲರಿಯಾಚೆ ಅವನು ಒಂದೇ ಕಾಲಿಗೆ ಭಾರ ಹಾಕಿ ನಿಂತದ್ದನ್ನು ಕಂಡೇ ನನ್ನ ಹೆಂಡತಿಗೆ ಅರ್ಥವಾಯಿತು.

"ಅವನ ಬಲಗಾಲು ಡಾಕ್ಟರಿಗೆ ತೋರಿಸಿ" ಎಂದಳು ಕಾವಲಿನವನಿಗೆ.

"ಅವನೇ ಏನಿಲ್ಲ ಅಂತಾನಲ್ಲಮ್ಮ."

"ಅವನು ಹೇಳಬಾರದು. ನಾನು ಹೇಳ್ಬೇಕು."

"ನೀವೇನು ವಕೀಲರಾ?"

"ಅಲ್ಲ, ಅಕ್ಕ."

"ಅಕ್ಕಂದಿರನ್ನೆಲ್ಲ ಡಾಕ್ಟರ ರೂಮಿಗೆ ಬಿಡೋ ಹಾಗಿಲ್ಲ. ರೂಲ್ಸಿಲ್ಲ."

ಜಾಲರಿಯಾಚೆಯಿಂದ ಅವನು, "ಭಾವ, ಅಕ್ಕನ್ನ ಕರ್ಕೊಂಡು ಹೋಗು. ಜಗಳಕ್ಕೆ ನಿಂತ್ರೆ ಊಟ ಮರೀತಾಳೆ" ಎಂದು ನಕ್ಕ. ಮುಂದಿನ ಭೇಟಿಯ ಹೊತ್ತಿಗೆ ಎರಡು ಬೆರಳು ಕಳೆದುಕೊಂಡು ಆಸ್ಪತ್ರೆಯಿಂದ ಮರಳಿದ್ದ.

ನ್ಯಾಯಾಲಯದಲ್ಲಿ ಅವನು ತುಟಿ ಬಿಚ್ಚುವುದಿಲ್ಲ. ಕರಿಕೋಟಿನವರೊಬ್ಬರು ಅವನ ಪರವಾಗಿ ಗಂಟೆಗಟ್ಟಲೆ ಮಾತಾಡುತ್ತಾರೆ. ಅದು ನಾಗರಿಕತೆ. ಪತ್ರಕರ್ತರು ನಿಮ್ಮನ್ನು ಕೇಳಿದ್ದಕ್ಕೆ ನಿಮ್ಮ ಸಹಾಯಕರು ಉತ್ತರಿಸುತ್ತಾರೆ. ಅದು ಶಿಷ್ಟಾಚಾರ. ತಮ್ಮನ ಕಾಲಿಗೆ ಅಕ್ಕ ಬಾಯಾದರೆ ಮಾತ್ರ ನಿಯಮಭಂಗವೇ? ಅವನೇ ಪದ್ಧತಿ ಬಿಡಲಿ ಎನ್ನುತ್ತೀರಾ? ಮನೆ, ಮರ, ಕಾಡು ಎಲ್ಲವನ್ನೂ ನಿಮ್ಮ ಗೇಟಿನಾಚೆ ಬಿಟ್ಟು ಬಂದವನ ಬಳಿ ಉಳಿದಿರುವುದು ಅದೊಂದೇ. ಅದನ್ನೂ ಜಪ್ತಿ ಮಾಡುವುದಕ್ಕಿಂತ ಒಂದು ಕುರ್ಚಿ ಹಾಕಿಸುವುದು ಸುಲಭವಲ್ಲವೇ?

ಆದ್ದರಿಂದ ವೈದ್ಯರ ಕೋಣೆಯಲ್ಲಿ ಅವನ ಪಕ್ಕ ಅಕ್ಕನಿಗೊಂದು ಕುರ್ಚಿ ಹಾಕಿಸಿ. ಅವನ ಜನರ ಉಳಿದ ಕೈದಿಗಳ ಮನೆಯವರಿಗೂ ಹಾಕಿಸಿ. ಕುರ್ಚಿಯ ಅಭಾವವಿದ್ದರೆ ಚಿಂತೆ ಬೇಡ. ಸೋಮವಾರ ವೈದ್ಯರು ಬರುವ ಹೊತ್ತಿಗೆ ಅವಳು ನಮ್ಮ ಅಡುಗೆಮನೆಯ ಕುರ್ಚಿ ಹಾಕಿಕೊಂಡು ನಿಮ್ಮ ಗೇಟಿನೆದುರು ಕೂತಿರುತ್ತಾಳೆ. ಒಳಗೆ ಬಿಟ್ಟರೆ ಮೆಲ್ಲಗೆ ಹೇಳುತ್ತಾಳೆ. ಬಿಡದಿದ್ದರೆ ಅಲ್ಲಿಂದಲೇ ಹೇಳುತ್ತಾಳೆ. ಗುಡ್ಡದಿಂದ ಗುಡ್ಡಕ್ಕೆ ಕೂಗಿ ಪಳಗಿದ ಗಂಟಲು. ನಿಮ್ಮ ಗೋಡೆ ಅಷ್ಟೇನೂ ದಪ್ಪವಿಲ್ಲ.

ಇಂತಿ,
ಕುರ್ಚಿ ಹೊತ್ತು ಅವಳ ಹಿಂದೆ ಬರಲಿರುವ,
ನಿಮ್ಮ ಕೈದಿಯ ಭಾವ