ಯಾಕಮ್ಮ ಪಾಸಾದಳು

ಮನೆಯಿಂದ,
ಜೂನ್ ೮, ಭಾನುವಾರ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಕೆಮ್ಮು ನಿಂತಿತೇ? ನರ್ಸಿಂಗ್ ಓದುವವಳಿಗೆ ಮದ್ದು ಹೇಳುವಷ್ಟು ಜಾಣೆಯಲ್ಲ ನಾನು, ಆದರೂ ಬಿಸಿನೀರು ಕುಡಿ. ಹಾಸ್ಟೆಲಿನ ಊಟ ಸಪ್ಪೆ ಎಂದು ಅರೆಹೊಟ್ಟೆಯಲ್ಲಿ ಏಳಬೇಡ.

ನೀನು ಹೊರಟ ಮೇಲೆ ಬೀದಿ ಮಕ್ಕಳಿಗೆ ನೀನು ಹೇಳಿಕೊಡುತ್ತಿದ್ದ ಪಾಠ ನಿಲ್ಲುತ್ತದೆ, ನನ್ನ ನಡುಮನೆ ನನಗೆ ಸಿಗುತ್ತದೆ ಎಂದುಕೊಂಡಿದ್ದೆ. ಎಲ್ಲಿಯ ಮಾತು! ಮರುದಿನ ಸಂಜೆಯೇ ಮಕ್ಕಳೆಲ್ಲ ಬಾಗಿಲಲ್ಲಿ ಚಪ್ಪಲಿ ಗುಡ್ಡೆ ಹಾಕಿ ಬಂದು ಕುಳಿತವು. ವಿದ್ಯಾರ್ಥಿವೇತನದ ಪರೀಕ್ಷೆ ಹತ್ತಿರ ಬಂದಿತ್ತು, ವಾಪಸ್ ಕಳಿಸಲು ಮನಸ್ಸಾಗಲಿಲ್ಲ. ಭಾಷೆ ನನ್ನ ಪಾಲಿಗೆ ಬಂತು, ಲೆಕ್ಕ ನಿನ್ನ ಅಪ್ಪನ ಪಾಲಿಗೆ. ಕಂಡಕ್ಟರ್ ಕೆಲಸದಿಂದ ನಿವೃತ್ತರಾದರೂ, "ಒಳಗೆ ಹೋಗಿ, ಜಾಗ ಬಿಡಿ!" ಎನ್ನದೆ ಅವರಿಗೆ ಪಾಠ ಶುರುವಾಗದು. ಉತ್ತರ ಸರಿಬಂದರೆ "ರೈಟ್, ರೈಟ್!"

ಬೀದಿ ಕೊನೆಯ ಕಟ್ಟಡದಲ್ಲಿ ಇಟ್ಟಿಗೆ ಹೊರುವವರ ಮಗಳನ್ನು ನೀನೇ ಕರೆತಂದಿದ್ದೆಯಲ್ಲ, ಅವಳಿಗೆ ನಿನ್ನ ಅಪ್ಪ 'ಯಾಕಮ್ಮ' ಎಂದು ಹೆಸರಿಟ್ಟಿದ್ದಾರೆ. ಮಾತು ಮಾತಿಗೂ "ಯಾಕೆ?" ಎನ್ನುತ್ತಾಳೆ. ಒಮ್ಮೆ ಎರಡು ರೈಲುಗಳ ಲೆಕ್ಕ ಕೊಟ್ಟರೆ, "ಎದುರುಬದುರು ಬರ್ತಿದ್ರೆ ಮೊದ್ಲು ನಿಲ್ಸೋಕೆ ಹೇಳ್ಬೇಕಲ್ವಾ ತಾತ?" ಎಂದಳು. ನಿನ್ನ ಅಪ್ಪ ನಕ್ಕು ನಕ್ಕು ಸುಸ್ತಾದರು. ಲೆಕ್ಕ ಅಂದು ಅಲ್ಲೇ ನಿಂತಿತು.

ಈ ಸಲ ನಮ್ಮಲ್ಲಿ ಪಾಸಾದವಳು ಅವಳೊಬ್ಬಳೇ. ಉಳಿದವರು ಮತ್ತೆ ಬರೆಯಲಿದ್ದಾರೆ. ಸುದ್ದಿ ಕೇಳಿ ಅವಳನ್ನು ಎತ್ತಿಕೊಂಡು ತಿರುಗಿಸಿದೆ. ಸೊಂಟ ಹಿಡಿಯಿತು, ಅದಿರಲಿ. ಸಂಜೆ ಅವಳಮ್ಮ ಬಂದಳು. ಮೈಯೆಲ್ಲ ಸಿಮೆಂಟಿನ ಧೂಳು. ಕುರ್ಚಿ ಕೊಳೆಯಾದೀತೆಂದು ಹೊಸ್ತಿಲ ಬಳಿಯೇ ನಿಂತಳು. "ಖುಷಿ ಆಯ್ತಕ್ಕಾ. ಆದ್ರೆ ಕಟ್ಟಡ ಮುಗೀತಲ್ಲ, ನಾವು ಬೇರೆ ಊರಿಗೆ ಹೊರಟ್ವಿ. ಇವ್ಳನ್ನ ಯಾರ ಹತ್ರ ಬಿಡ್ಲಿ?" ಈ ಊರಿನ ಶಾಲೆಯಲ್ಲೇ ಓದಿದರಷ್ಟೇ ಆ ವಿದ್ಯಾರ್ಥಿವೇತನವಂತೆ. ಎಲ್ಲದಕ್ಕೂ ಪ್ರಶ್ನೆ ಹಾಕುವವಳು ಆಗ ಅಮ್ಮನ ತೋಳಿನ ಧೂಳು ಕೊಡವುತ್ತ ನಿಂತಿದ್ದಳು.

ನಿನ್ನ ಅಪ್ಪ ಅಂಚೆಪೆಟ್ಟಿಗೆಗೆ ಹಾಕಿಬರುತ್ತೇನೆಂದು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ. ಚೆನ್ನಾಗಿರು ಕಂದಾ. ನಿನ್ನ ಕೈ ತಾಗಿದ ರೋಗಿಗಳೆಲ್ಲ ಎದ್ದು ಓಡಾಡಲಿ.

ನಿನ್ನ
ಅಮ್ಮ

ಅಯ್ಯೋ, ಮುಖ್ಯವಾದದ್ದೇ ಬಿಟ್ಟುಹೋಯಿತು. ಆ ಸಂಜೆಯೇ, "ನಮ್ಮನೇಲೇ ಇರ್ಲಿ ಬಿಡಮ್ಮ" ಎಂದುಬಿಟ್ಟೆ. ಈಗ ಯಾಕಮ್ಮ ಮಲಗುವುದು ನಿನ್ನ ಮಂಚದ ಮೇಲೆ. ಅವಳ ಅಪ್ಪ ಅಮ್ಮ ಹೊರಟ ದಿನ ತುಂಬ ಅತ್ತಳು. ಬಿಡುವಾದಾಗಲೆಲ್ಲ ಬಂದು ನೋಡುತ್ತಾರೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ತಡೆಯಲಾಗಲಿಲ್ಲ. ರಜಕ್ಕೆ ಬಂದಾಗ ಇಬ್ಬರೂ ಒತ್ತರಿಸಿಕೊಂಡು ಮಲಗಿ. ನಿದ್ದೆಯಲ್ಲಿ ಒದೆಯುತ್ತಾಳೆ, ಥೇಟ್ ನಿನ್ನ ಹಾಗೆಯೇ.